ಕೋಪನ್‌ಹೇಗನ್ನಿನ ಖ್ಯಾತಿ: ಅಸಲೆಷ್ಟು, ಬಡ್ಡಿಯೆಷ್ಟು?

ನಮ್ಮ ಸಂಘದ ಸ್ಮರಣ ಸಂಚಿಕೆಯಲ್ಲಿ ವೈದ್ಯ ಮಿತ್ರರು ವರ್ಷವರ್ಷವೂ ತಪ್ಪದೆ ಬರೆಯುವ ಮಾತೊಂದುಂಟು: ನಲವತ್ತು ದಾಟಿದವರು ದಿನಕ್ಕೆ ಮುಕ್ಕಾಲು ಗಂಟೆಯಾದರೂ ಬಿರುಸಾಗಿ ನಡೆಯಬೇಕು. ಮಾತು ದಿಟವೇ. ಸಕ್ಕರೆ ಕಾಯಿಲೆಗೂ ರಕ್ತದ ಒತ್ತಡಕ್ಕೂ ನಡಿಗೆಗಿಂತ ಅಗ್ಗವಾದ ಮದ್ದಿಲ್ಲ. ಆದರೆ ಎಲ್ಲಿ ನಡೆಯಬೇಕೆಂಬುದನ್ನು ಮಾತ್ರ ಯಾರೂ ಬರೆದದ್ದನ್ನು ನಾನು ಕಾಣೆ. ಮುಂಬಯಿಯ ಉಪನಗರದ ರೈಲು ನಿಲ್ದಾಣದಿಂದ ನನ್ನ ಮನೆಗೆ ಹದಿನೆಂಟು ನಿಮಿಷದ ದಾರಿ. ಆ ದಾರಿಯಲ್ಲಿ ಫುಟ್‌ಪಾತ್ ಎಂದು ಕರೆಯಬಹುದಾದದ್ದು ಎರಡು ಕಡೆ ಇದೆ. ಒಂದರ ಮೇಲೆ ಸ್ಕೂಟರುಗಳು ನಿಂತಿರುತ್ತವೆ. ಇನ್ನೊಂದನ್ನು ಯಾವ ಕಾಲದಲ್ಲೋ ಅಗೆದು ಹಾಗೆಯೇ ಬಿಟ್ಟಿದ್ದಾರೆ. ವೈದ್ಯರು ಚೀಟಿಯಲ್ಲಿ ಬರೆದುಕೊಟ್ಟ ಮದ್ದು ಅಂಗಡಿಯಲ್ಲೇ ಇಲ್ಲದಿದ್ದರೆ ರೋಗಿ ಮಾಡುವುದೇನು?

ಈ ಪ್ರಶ್ನೆ ನನ್ನನ್ನು ಗಾಢವಾಗಿ ಕಾಡಿದ್ದು ನಮ್ಮ ಊರಿನಲ್ಲಲ್ಲ, ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್ನಿನಲ್ಲಿ. ಸಮುದ್ರದಾಚೆ ಸ್ವೀಡನ್ನಿನ ಮಾಲ್ಮೋ ನಗರದಲ್ಲಿ ನನ್ನ ಷಡ್ಡಕರು ನೆಲೆಸಿದ್ದಾರೆ. 2023ರ ಜೂನ್ ತಿಂಗಳಲ್ಲಿ ಅವರಲ್ಲಿಗೆ ಹೋಗಿದ್ದಾಗ, 2000ದಲ್ಲಿ ತೆರೆದ ಓರೆಸುಂಡ್ ಸೇತುವೆಯನ್ನು ರೈಲಿನಲ್ಲಿ ದಾಟಿ ನಾಲ್ಕು ದಿನ ಆ ನಗರದಲ್ಲಿ ತಂಗಿದ್ದೆವು. ಎರಡು ವರ್ಷದ ತರುವಾಯ, 2025ರಲ್ಲಿ, ಲಂಡನ್ನಿನ ಇಕಾನಮಿಸ್ಟ್ ಬಳಗದವರು ಜಗತ್ತಿನ ವಾಸಯೋಗ್ಯ ನಗರಗಳ ಪಟ್ಟಿಯನ್ನು ಪ್ರಕಟಿಸಿದಾಗ, ಮೂರು ವರ್ಷ ಮೊದಲ ಸ್ಥಾನದಲ್ಲಿದ್ದ ವಿಯೆನ್ನಾವನ್ನು ಹಿಂದಿಕ್ಕಿ ಕೋಪನ್‌ಹೇಗನ್ ಅಗ್ರಸ್ಥಾನಕ್ಕೆ ಏರಿತ್ತು. ಸುದ್ದಿಯನ್ನು ಕಛೇರಿಯ ಊಟದ ವೇಳೆಯಲ್ಲಿ ಚರ್ಚಿಸಿದೆವು. ಸಹೋದ್ಯೋಗಿಗಳ ತೀರ್ಪು ಒಂದೇ ಮಾತಿನಲ್ಲಿ ಹೊರಬಿತ್ತು: "ಹಣವಂತರ ದೇಶ, ಹಿಡಿಯಷ್ಟು ಜನ; ಅವರಿಗೆ ಆಗದೆ ಇನ್ನಾರಿಗೆ ಆದೀತು?"

ಈ ತೀರ್ಪಿನಲ್ಲಿ ಅರ್ಧ ಸತ್ಯವಿದೆ. ಆ ನಗರಸಭೆಯ ಎಲ್ಲೆಯೊಳಗಿನ ಜನಸಂಖ್ಯೆ ಆರೂವರೆ ಲಕ್ಷದ ಆಸುಪಾಸು. ನಮ್ಮ ಕಲ್ಯಾಣ–ಡೊಂಬಿವಲಿ ಪಾಲಿಕೆಯೊಂದರಲ್ಲೇ 2011ರ ಜನಗಣತಿಯಂತೆ ಹನ್ನೆರಡು ಲಕ್ಷಕ್ಕೂ ಮಿಗಿಲು ಜನರಿದ್ದರು. ಆದರೆ ಉಳಿದರ್ಧ ಸತ್ಯವನ್ನು ಹೇಳುವುದಕ್ಕಾಗಿಯೇ ಈ ಲೇಖನ. ಬ್ಯಾಂಕಿನಲ್ಲಿ ಇಪ್ಪತ್ತು ವರ್ಷ ಕಳೆದವನಿಗೆ ಯಾವ ಸಂಪತ್ತನ್ನು ಕಂಡರೂ ಅದರ ಅಸಲು ಎಲ್ಲಿಂದ ಬಂತೆಂದು ಕೇಳುವ ಚಾಳಿ ಇರುತ್ತದೆ. ಇಂದು ಆ ನಗರ ಉಣ್ಣುತ್ತಿರುವ ಖ್ಯಾತಿ ಬಡ್ಡಿಯಷ್ಟೆ. ಅಸಲನ್ನು ಅಲ್ಲಿಯ ಜನ ಬಹುಮಟ್ಟಿಗೆ ತಮ್ಮ ಕಷ್ಟಕಾಲಗಳಲ್ಲಿ, ತಮಗಾಗಿಯೇ, ಸಣ್ಣ ಸಣ್ಣ ಕಂತುಗಳಲ್ಲಿ ತುಂಬಿದರೆಂಬುದು ನನ್ನ ಅಭಿಪ್ರಾಯ.

ಸೊಬಗು ಎಲ್ಲಿದೆ?

ಮೊದಲು ಆ ಸೊಬಗಿನ ಸ್ವರೂಪವನ್ನು ನೋಡೋಣ. ಪ್ಯಾರಿಸಿನ ಗೋಪುರವನ್ನಾಗಲಿ ರೋಮಿನ ಮಹಾಭಗ್ನಾವಶೇಷಗಳನ್ನಾಗಲಿ ಮನಸ್ಸಿನಲ್ಲಿಟ್ಟುಕೊಂಡು ಹೋದವನಿಗೆ ಅಲ್ಲಿ ನಿರಾಶೆ ಕಾದಿದೆ. ಜಗತ್ಪ್ರಸಿದ್ಧವಾದ ಪುಟ್ಟ ಮತ್ಸ್ಯಕನ್ಯೆಯ ಪ್ರತಿಮೆಯ ಎತ್ತರ ಒಂದೂಕಾಲು ಮೀಟರ್ ಮಾತ್ರ. ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ನನ ಕಥೆಯನ್ನು ಆಧರಿಸಿ ಎಡ್ವರ್ಡ್ ಎರಿಕ್ಸನ್ ಎಂಬ ಶಿಲ್ಪಿ ರಚಿಸಿದ ಈ ಕಂಚಿನ ಮೂರ್ತಿಯನ್ನು 1913ರಲ್ಲಿ ಸ್ಥಾಪಿಸಿದರು. ಖರ್ಚು ಕೊಟ್ಟವನು ಕಾರ್ಲ್ ಯಾಕೋಬ್ಸನ್ ಎಂಬ ಬಿಯರ್ ಕಾರ್ಖಾನೆಯ ಒಡೆಯ. ದಡದ ಬಂಡೆಯ ಮೇಲೆ ತಲೆ ಬಾಗಿಸಿ ಕುಳಿತ ಆಕೆಯನ್ನು ಕಂಡ ನನ್ನ ಪತ್ನಿ, "ಇಷ್ಟೇನಾ?" ಎಂದಳು. ಇಷ್ಟೇ. ಆ ಊರಿನಲ್ಲಿ ಎಲ್ಲವೂ ಇಷ್ಟೇ. ಮನೆಗಳು ಐದಾರು ಅಂತಸ್ತಿನವು, ಬೀದಿಗಳು ಕಿರಿದಾದವು, ಆಕಾಶರೇಖೆಯಲ್ಲಿ ಎದ್ದು ಕಾಣುವವು ಹಳೆಯ ಇಗರ್ಜಿಗಳ ತಾಮ್ರದ ಹಸಿರು ಶಿಖರಗಳು.

ಆದರೂ ಎರಡನೆಯ ದಿನಕ್ಕೆ ಮನಸ್ಸು ಸೋತುಹೋಯಿತು. ಕಾರಣವನ್ನು ಹುಡುಕುತ್ತ ಹೋದಾಗ ಕಂಡದ್ದು ಸಣ್ಣ ಸಂಗತಿಗಳು. ಎಂಬತ್ತರ ವೃದ್ಧೆಯೊಬ್ಬರು ಯಾರ ಕೈಯನ್ನೂ ಹಿಡಿಯದೆ, ಆತುರವಿಲ್ಲದೆ ರಸ್ತೆಯನ್ನು ದಾಟಿದರು. ಕೋಟು ತೊಟ್ಟ ಅಧಿಕಾರಿಗಳೂ ಬಸುರಿಯರೂ ಶಾಲೆಯ ಮಕ್ಕಳೂ ಒಂದೇ ಸಾಲಿನಲ್ಲಿ ಸೈಕಲ್ ತುಳಿಯುತ್ತಿದ್ದರು. ಕಾಫಿ ಅಂಗಡಿಯ ಹೊರಗೆ ತಳ್ಳುಬಂಡಿಯಲ್ಲಿ ಕೂಸೊಂದು ಮಲಗಿತ್ತು. ತಾಯಿ ಗಾಜಿನ ಒಳಗೆ ಕುಳಿತು ಕಾಫಿ ಕುಡಿಯುತ್ತಿದ್ದಳು. ಕೂಸನ್ನು ಹೀಗೆ ಹೊರಗಾಳಿಯಲ್ಲಿ ಮಲಗಿಸುವುದು ಅಲ್ಲಿ ರೂಢಿಯೆಂದು ಆಮೇಲೆ ತಿಳಿಯಿತು. ಬಂದರಿನ ನಡುವೆ, ಹಡಗುಗಳು ಸಾಗುವ ನೀರಿನಲ್ಲಿಯೇ, ಕಛೇರಿ ಬಿಟ್ಟವರು ಈಜುತ್ತಿದ್ದರು. ಪ್ರವಾಸಿಗನಿಗಾಗಿ ಸಿಂಗರಿಸಿಕೊಂಡ ಊರು ಬೇರೆ, ತನ್ನ ಮನೆಯವರ ಅನುಕೂಲಕ್ಕಾಗಿ ಒಪ್ಪವಾದ ಊರು ಬೇರೆ. ಕೋಪನ್‌ಹೇಗನ್ ಎರಡನೆಯ ಬಗೆಯದು. ಅತಿಥಿಯನ್ನು ಮರುಳು ಮಾಡುವುದೂ ಅದೇ ಗುಣ.

ವರ್ತಕರ ಬಂದರು

ಊರ ಹೆಸರಿನ ಅರ್ಥವೇ 'ವರ್ತಕರ ಬಂದರು'. 1167ರಲ್ಲಿ ಬಿಷಪ್ ಅಬ್ಸಲೋನ್ ಎಂಬಾತ ಅಲ್ಲಿಯ ಒಂದು ಸಣ್ಣ ನಡುಗಡ್ಡೆಯ ಮೇಲೆ ಕೋಟೆ ಕಟ್ಟಿಸಿದನೆಂದು ಪ್ರತೀತಿ. ಅದರ ಅವಶೇಷಗಳ ಮೇಲೆಯೇ ಇಂದು ಕ್ರಿಶ್ಚಿಯನ್‌ಬೋರ್ಗ್ ಅರಮನೆ ನಿಂತಿದೆ. ದೇಶದ ಸಂಸತ್ತೂ ಪ್ರಧಾನಿಯ ಕಛೇರಿಯೂ ಸರ್ವೋಚ್ಚ ನ್ಯಾಯಾಲಯವೂ ಅಲ್ಲಿಯೇ. ಇಂದಿಗೂ ಪ್ರವಾಸಿಗಳನ್ನು ಸೆಳೆಯುವ ಎಷ್ಟೋ ಕಟ್ಟಡಗಳು 1588ರಿಂದ 1648ರವರೆಗೆ ಆಳಿದ ನಾಲ್ಕನೆಯ ಕ್ರಿಶ್ಚಿಯನ್ ದೊರೆಯ ಕೊಡುಗೆಗಳು: ರೋಸೆನ್‌ಬೋರ್ಗ್ ಅರಮನೆ, ಒಳಗೆ ಮೆಟ್ಟಿಲುಗಳ ಬದಲು ಸುರುಳಿಯಾಗಿ ಮೇಲೇರುವ ಇಳಿಜಾರಿನ ದಾರಿಯುಳ್ಳ ದುಂಡು ಗೋಪುರ, ನಾವಿಕರಿಗಾಗಿ ಕಟ್ಟಿಸಿದ ಸಾಲುಮನೆಗಳು, ಮತ್ತು ನನ್ನಂಥವನ ಕಣ್ಣಿಗೆ ಎಲ್ಲಕ್ಕಿಂತ ಪ್ರಿಯವಾದ ಬೋರ್ಸನ್, ಎಂದರೆ ಹಳೆಯ ವ್ಯಾಪಾರ ವಿನಿಮಯ ಭವನ. ನಾಲ್ಕು ಡ್ರ್ಯಾಗನ್‌ಗಳ ಬಾಲಗಳನ್ನು ಹೆಣೆದು ಮಾಡಿದ ಅದರ ಶಿಖರವನ್ನು ನಾನು ಬಹಳ ಹೊತ್ತು ನಿಂತು ನೋಡಿದೆ. ಆ ಶಿಖರದ ಗತಿಯೇನಾಯಿತೆಂಬುದನ್ನು ಕೊನೆಗೆ ಹೇಳುತ್ತೇನೆ.

ಈ ದೊರೆಯ ಕಾಲದಲ್ಲಿಯೇ ಡೇನರು ನಮ್ಮ ದೇಶಕ್ಕೂ ಬಂದರು. 1616ರಲ್ಲಿ ಅವರ ಈಸ್ಟ್ ಇಂಡಿಯಾ ಕಂಪೆನಿ ಹುಟ್ಟಿತು. 1620ರಲ್ಲಿ ತಂಜಾವೂರಿನ ರಘುನಾಥ ನಾಯಕನಿಂದ ಒಪ್ಪಿಗೆ ಪಡೆದು ತರಂಗಂಬಾಡಿಯಲ್ಲಿ ಕೋಟೆ ಕಟ್ಟಿದರು. ಮುಂದೆ ಬಂಗಾಳದ ಸೆರಾಂಪುರವೂ ಅವರ ವಶವಾಯಿತು. 1845ರಲ್ಲಿ ಎರಡನ್ನೂ ಇಂಗ್ಲಿಷರಿಗೆ ಮಾರಿ ಹೊರಟುಹೋದರು. ಕನ್ನಡಿಗರಾದ ನಮಗೆ ಇದರಲ್ಲೊಂದು ಸ್ವಾರಸ್ಯವಿದೆ. ಮತಪ್ರಚಾರಕರಿಗೆ ತನ್ನ ಸೀಮೆಯಲ್ಲಿ ಇಂಗ್ಲಿಷ್ ಕಂಪೆನಿ ಆಸ್ಪದ ಕೊಡದಿದ್ದ ಕಾಲದಲ್ಲಿ ವಿಲಿಯಂ ಕೇರಿ ಡೇನರ ಧ್ವಜದ ಆಶ್ರಯ ಹುಡುಕಿಕೊಂಡು 1800ರಲ್ಲಿ ಸೆರಾಂಪುರಕ್ಕೆ ಬಂದ. ಇಂಗ್ಲಿಷಿನಲ್ಲಿ ಬರೆದ ಅವನ ಕನ್ನಡ ವ್ಯಾಕರಣ 1817ರಲ್ಲಿ ಅಚ್ಚಾದದ್ದು ಅಲ್ಲಿಯ ಮುದ್ರಣಾಲಯದಲ್ಲಿಯೇ. ಕರ್ನಾಟಕದಿಂದ ನೂರಾರು ಹರದಾರಿ ದೂರದಲ್ಲಿ, ಕೋಪನ್‌ಹೇಗನ್ನಿನ ದೊರೆಗೆ ಸೇರಿದ ಒಂದು ಸಣ್ಣ ಊರಿನಲ್ಲಿ, ನಮ್ಮ ನುಡಿಯ ವ್ಯಾಕರಣವೊಂದು ಬೆಳಕು ಕಂಡಿತು. ಪರಸ್ಥಳದಲ್ಲಿ ಕನ್ನಡದ ಕೆಲಸ ಮಾಡುತ್ತಿರುವ ನಮ್ಮಂಥವರು ನೆನೆಯಬೇಕಾದ ಸಂಗತಿಯಿದು.

ದಿವಾಳಿಯ ವರ್ಷಗಳು

ಹಣವಿದ್ದುದರಿಂದ ಹಿರಿಮೆ ಬಂತೆನ್ನುವವರು ಹತ್ತೊಂಬತ್ತನೆಯ ಶತಮಾನದ ಮೊದಲ ಪುಟಗಳನ್ನು ತಿರುವಬೇಕು. 1728 ಮತ್ತು 1795ರ ಬೆಂಕಿಗಳಲ್ಲಿ ಊರಿನ ದೊಡ್ಡ ಭಾಗ ಉರಿದುಹೋಗಿತ್ತು. 1807ರ ಸೆಪ್ಟೆಂಬರಿನಲ್ಲಿ ಬ್ರಿಟಿಷ್ ಪಡೆಗಳು ನಗರದ ಮೇಲೆ ಗುಂಡಿನ ಮಳೆಗರೆದು ಡೇನರ ನೌಕಾಪಡೆಯನ್ನೇ ಕೊಂಡೊಯ್ದವು. 1813ರ ಜನವರಿಯಲ್ಲಿ ರಾಜ್ಯ ದಿವಾಳಿಯೆಂದು ಘೋಷಿತವಾಯಿತು. ಕಾಗದದ ನಾಣ್ಯಕ್ಕೆ ಬೆಲೆ ಉಳಿಯಲಿಲ್ಲ. ಮರುವರ್ಷ ನಾರ್ವೆ ಕೈಬಿಟ್ಟು ಹೋಯಿತು. ಇಷ್ಟು ನಷ್ಟವನ್ನು ತಖ್ತೆಯಲ್ಲಿ ಬರೆದುಕೊಂಡ ಯಾವ ಸಂಸ್ಥೆಯೂ ಬಾಗಿಲು ಮುಚ್ಚಬೇಕಾದದ್ದು ನ್ಯಾಯ.

ಆದರೆ ಡೇನರು ತಮ್ಮ ಸುವರ್ಣಯುಗವೆಂದು ಕರೆಯುವುದು ಇದೇ ದಿವಾಳಿಯ ಬೆನ್ನಿಗೆ ಬಂದ ದಶಕಗಳನ್ನು. 1820ರಲ್ಲಿ ಓರ್ಸ್ಟೆಡ್ ವಿದ್ಯುತ್ತಿಗೂ ಕಾಂತಕ್ಕೂ ಇರುವ ನಂಟನ್ನು ಕಂಡುಹಿಡಿದದ್ದು ಈ ನಗರದಲ್ಲಿ. 1835ರಿಂದ ಆಂಡರ್ಸನ್ನನ ಕಿನ್ನರ ಕಥೆಗಳು ಹೊರಬಂದವು. ಚಿತ್ರಕಾರರೂ ಶಿಲ್ಪಿ ಥೋರ್ವಾಲ್ಸನ್ನನೂ ಆ ಕಾಲದವರೇ. ತತ್ತ್ವಜ್ಞಾನಿ ಕೀರ್ಕೆಗಾರ್ಡ್ ನಿತ್ಯವೂ ಬೀದಿಗಳಲ್ಲಿ ಬಹು ಹೊತ್ತು ನಡೆದಾಡುತ್ತ, ಕಂಡಕಂಡವರೊಡನೆ ಮಾತಾಡುತ್ತ, ಮನೆಗೆ ಮರಳಿ ಬರೆಯುತ್ತಿದ್ದನಂತೆ. ಕೋಟೆಯ ಕಂದಕದ ಅಂಚಿನಲ್ಲಿ ಟಿವೋಲಿ ಎಂಬ ವಿಹಾರೋದ್ಯಾನವನ್ನು ಜನರಿಗಾಗಿ ತೆರೆದದ್ದು 1843ರಲ್ಲಿ. ಇಂದಿಗೂ ಅದು ಊರಿನ ನಟ್ಟನಡುವೆ ನಡೆಯುತ್ತಿದೆ. ಬೊಕ್ಕಸ ಬರಿದಾದಾಗ ತನ್ನ ಜನರ ಬುದ್ಧಿಯನ್ನೂ ಸಂತೋಷವನ್ನೂ ಬಂಡವಾಳವೆಂದು ಬಗೆದ ಊರು ಅದು.

ಕಾಲರಾ ಕಲಿಸಿದ ಪಾಠ

ಆರೋಗ್ಯದ ಲೇಖನಗಳ ನಡುವೆ ಅಚ್ಚಾಗುವ ಬರಹವಾದ್ದರಿಂದ ಮುಂದಿನ ಭಾಗವನ್ನು ತುಸು ವಿಸ್ತಾರವಾಗಿ ಬರೆಯುತ್ತೇನೆ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಕೋಪನ್‌ಹೇಗನ್ ಸೊಬಗಿನ ಊರಾಗಿರಲಿಲ್ಲ, ನಾರುವ ಊರಾಗಿತ್ತು. ರಕ್ಷಣೆಯ ನೆಪದಿಂದ ಕೋಟೆಯ ಹೊರಗೆ ಮನೆ ಕಟ್ಟಲು ಅಪ್ಪಣೆಯಿರಲಿಲ್ಲ. ಹೀಗಾಗಿ ಒಂದು ಲಕ್ಷಕ್ಕೂ ಮೀರಿದ ಜನ ಗೋಡೆಗಳೊಳಗೆ ಒತ್ತೊತ್ತಾಗಿ ಬದುಕುತ್ತಿದ್ದರು. ಕುಡಿಯುವ ನೀರಿಗೂ ಚರಂಡಿಯ ನೀರಿಗೂ ಅಂತರ ಅಷ್ಟಕ್ಕಷ್ಟೆ. 1853ರ ಬೇಸಗೆಯಲ್ಲಿ ಕಾಲರಾ ಬಂತು. ಕೆಲವೇ ತಿಂಗಳಲ್ಲಿ ಸುಮಾರು 4,700 ಮಂದಿ ಸತ್ತರು.

ಆಮೇಲೆ ನಡೆದದ್ದನ್ನು ಗಮನಿಸಬೇಕು. ವೈದ್ಯರ ಸಂಘವು ಮದ್ದು ಕೊಟ್ಟು ಸುಮ್ಮನಾಗಲಿಲ್ಲ. ರೋಗದ ಬೇರು ಮನೆಯಲ್ಲಿದೆ, ಬೀದಿಯಲ್ಲಿದೆ ಎಂದು ಸಾರಿ, ಎಮಿಲ್ ಹಾರ್ನೆಮನ್ ಮೊದಲಾದ ವೈದ್ಯರ ಒತ್ತಾಸೆಯಿಂದ ಕೋಟೆಯ ಹೊರಗೆ ಬಡ ಕಾರ್ಮಿಕರಿಗಾಗಿ ಗಾಳಿ ಬೆಳಕುಳ್ಳ ಮನೆಗಳನ್ನು ಕಟ್ಟಿಸತೊಡಗಿತು. ಸಾಲುಸಾಲು ಹಳದಿ ಬಣ್ಣದ ಮನೆಗಳು, ನಡುವೆ ಹುಲ್ಲು, ಮರ. ಬ್ರೂಮ್ಲೆಬ್ಯು ಎಂದು ಕರೆಯುವ ಆ ಬಡಾವಣೆ ಇಂದಿಗೂ ಉಳಿದಿದೆ, ಜನ ಅಲ್ಲಿ ಬಾಳುತ್ತಿದ್ದಾರೆ. 1859ರಲ್ಲಿ ಹೊಸ ಜಲಾಗಾರ ಬಂತು. ಕೋಟೆಯ ದಿಬ್ಬಗಳನ್ನು ಕೆಡವಿ ಬಂದ ಜಾಗದಲ್ಲಿ, ಹಳೆಯ ಕಂದಕದ ನೀರನ್ನು ಕೊಳವಾಗಿ ಉಳಿಸಿಕೊಂಡು, ಉದ್ಯಾನಗಳನ್ನು ಬೆಳೆಸಿದರು. ಪ್ರವಾಸಿಗನು ಛಾಯಾಚಿತ್ರ ತೆಗೆಯುವ ಆ ಹಸಿರು ಸಾವಿನ ಲೆಕ್ಕದಿಂದ ಬಂದ ಹಸಿರು.

ಹೀಗೆ ಕಷ್ಟ ಬಂದಾಗ ಊರೇ ಎದ್ದು ನಿಲ್ಲುವ ಗುಣ ಮತ್ತೊಮ್ಮೆ ಕಂಡದ್ದು 1952ರಲ್ಲಿ. ಆ ವರ್ಷ ಪೋಲಿಯೋ ಭೀಕರವಾಗಿ ಹಬ್ಬಿತು. ಉಸಿರಾಟದ ಸ್ನಾಯುಗಳೇ ನಿಶ್ಚೇಷ್ಟವಾದ ರೋಗಿಗಳಲ್ಲಿ ಹತ್ತರಲ್ಲಿ ಎಂಟಕ್ಕೂ ಮಿಗಿಲು ಮಂದಿ ಸಾಯುತ್ತಿದ್ದರು. ಬ್ಲೈಡಾಮ್ ಆಸ್ಪತ್ರೆಯಲ್ಲಿದ್ದ ಉಸಿರಾಟದ ಯಂತ್ರಗಳು ಬೆರಳೆಣಿಕೆಯಷ್ಟು. ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸನ್ ಆಗಸ್ಟ್ 27ರಂದು ಹನ್ನೆರಡು ವರ್ಷದ ಬಾಲಿಕೆಯೊಬ್ಬಳ ಗಂಟಲಿಗೆ ನಳಿಕೆ ಇರಿಸಿ, ರಬ್ಬರಿನ ಚೀಲವನ್ನು ಕೈಯಿಂದ ಒತ್ತುತ್ತ ಉಸಿರು ತುಂಬಿ ಅವಳನ್ನು ಉಳಿಸಿದರು. ಆದರೆ ನೂರಾರು ರೋಗಿಗಳಿಗೆ ಹಗಲಿರುಳೂ ಚೀಲ ಒತ್ತುವವರಾರು? ಸುಮಾರು 1,500 ಮಂದಿ ವೈದ್ಯ ವಿದ್ಯಾರ್ಥಿಗಳು ಪಾಳಿಯ ಮೇಲೆ ಬಂದು ಹಾಸಿಗೆಗಳ ಪಕ್ಕದಲ್ಲಿ ಕುಳಿತು, ವಾರಗಟ್ಟಲೆ, ತಿಂಗಳುಗಟ್ಟಲೆ, ಅಪರಿಚಿತರಿಗೆ ತಮ್ಮ ಕೈಯಿಂದ ಉಸಿರು ಕೊಟ್ಟರು. ಸಾವಿನ ಪ್ರಮಾಣ ಅರ್ಧಕ್ಕಿಂತ ಕೆಳಗಿಳಿಯಿತು. ಇಂದು ಪ್ರತಿಯೊಂದು ದೊಡ್ಡ ಆಸ್ಪತ್ರೆಯಲ್ಲಿಯೂ ಇರುವ ತೀವ್ರ ನಿಗಾ ಘಟಕದ ಮೂಲ ಅಲ್ಲಿದೆ. ಸಕ್ಕರೆ ಕಾಯಿಲೆಯುಳ್ಳವರೂ ಆ ಊರಿಗೆ ಸ್ವಲ್ಪ ಋಣಿಗಳೇ. ಟೊರೊಂಟೋದಲ್ಲಿ ಇನ್ಸುಲಿನ್ ದೊರೆತ ಮರುವರ್ಷವೇ, 1922ರಲ್ಲಿ, ನೊಬೆಲ್ ಪುರಸ್ಕೃತ ವಿಜ್ಞಾನಿ ಆಗಸ್ಟ್ ಕ್ರೋಗ್ ಅಲ್ಲಿಗೆ ಹೋಗಿ ಅದನ್ನು ತಯಾರಿಸುವ ಅನುಮತಿಯನ್ನು ತಂದರು. ವೈದ್ಯೆಯಾಗಿದ್ದ ಅವರ ಪತ್ನಿ ಮರೀ ಅವರಿಗೇ ಮಧುಮೇಹವಿತ್ತು. ಅಲ್ಲಿಂದ ಬೆಳೆದ ಉದ್ಯಮ ಇಂದು ಲೋಕಕ್ಕೆಲ್ಲ ಇನ್ಸುಲಿನ್ ಒದಗಿಸುತ್ತಿದೆ.

ಒಂದು ಬೀದಿಯ ಕಥೆ

ಇನ್ನು ನಡಿಗೆಯ ಮಾತಿಗೆ ಬರೋಣ. 1950ರ ದಶಕದಲ್ಲಿ ಕೋಪನ್‌ಹೇಗನ್ನಿಗೂ ಕಾರುಗಳು ನುಗ್ಗಿದ್ದವು. ಚೌಕಗಳೆಲ್ಲ ಕಾರು ನಿಲ್ಲಿಸುವ ತಾಣಗಳಾಗಿದ್ದವು. ಇಂದು ಬಣ್ಣಬಣ್ಣದ ಮನೆಗಳ ಚಿತ್ರದಿಂದ ಜಗತ್ತಿಗೆಲ್ಲ ಪರಿಚಿತವಾದ ನ್ಯೂಹಾವ್ನ್ ಕಾಲುವೆಯ ದಂಡೆ ಕೂಡ ಕಾರುಗಳ ಬೀಡಾಗಿತ್ತು. 1962ರ ನವೆಂಬರ್ 17ರಂದು ನಗರಸಭೆಯು ಸ್ತ್ರೋಯೆಟ್ ಎಂಬ ಮುಖ್ಯ ವ್ಯಾಪಾರ ಬೀದಿಯನ್ನು, ಒಂದು ಕಿಲೋಮೀಟರಿಗೂ ತುಸು ಹೆಚ್ಚಿನ ಉದ್ದಕ್ಕೆ, ಪರೀಕ್ಷಾರ್ಥವಾಗಿ ವಾಹನಗಳಿಗೆ ಮುಚ್ಚಿತು. ಅಂಗಡಿಕಾರರು ಹುಯ್ಯಲಿಟ್ಟರು. ಕಾರು ಬಾರದಿದ್ದರೆ ಗಿರಾಕಿ ಬಾರನು ಎಂದರು. ಚಳಿಯ ದೇಶದ ನಾವೇನು ಇಟಲಿಯವರೇ ಬೀದಿಯಲ್ಲಿ ಅಡ್ಡಾಡುವುದಕ್ಕೆ ಎಂದು ಪತ್ರಿಕೆಗಳಲ್ಲಿ ಹಾಸ್ಯ ಮಾಡಿದರು. ಮುಂಬಯಿಯ ಯಾವುದೇ ಮಾರುಕಟ್ಟೆಯಲ್ಲಿ ಇಂದು ಕೇಳಿಬರುವ ವಾದವೇ ಅದು.

ಆದರೆ ಜನ ಬಂದರು, ನಡೆದರು, ನಿಂತರು, ಕೊಂಡರು. 1964ರಲ್ಲಿ ಆ ಏರ್ಪಾಡು ಕಾಯಂ ಆಯಿತು. ಮುಂದಿನ ಹೆಜ್ಜೆಗಳು ಇನ್ನೂ ಜಾಣತನದವು. ಒಂದೇ ಸಲಕ್ಕೆ ಊರನ್ನೆಲ್ಲ ಬದಲಿಸಲು ಹೋಗಲಿಲ್ಲ. ವರ್ಷಕ್ಕೊಂದು ಬೀದಿ, ಒಂದು ಚೌಕ. ಕಾರು ನಿಲ್ಲಿಸುವ ಜಾಗಗಳಲ್ಲಿ ಸ್ವಲ್ಪ ಸ್ವಲ್ಪ ಕಡಿತ. ನಡೆಯುವವರಿಗೆ ಮೀಸಲಾದ ನೆಲ 1962ರಲ್ಲಿ 15,800 ಚದರ ಮೀಟರ್ ಇದ್ದದ್ದು 2000ದ ವೇಳೆಗೆ ಒಂದು ಲಕ್ಷ ಚದರ ಮೀಟರಿನ ಹತ್ತಿರಕ್ಕೆ ಬಂತು. ಯಾನ್ ಗೇಲ್ ಎಂಬ ವಾಸ್ತುಶಿಲ್ಪಿ ಈ ಬೀದಿಗಳಲ್ಲಿ ನಿಂತು ಎಷ್ಟು ಜನ ನಡೆದರು, ಎಷ್ಟು ಜನ ಕುಳಿತರು, ಎಷ್ಟು ಹೊತ್ತು ಉಳಿದರು ಎಂದು ದಶಕಗಳ ಕಾಲ ಲೆಕ್ಕವಿಟ್ಟರು. ವಾಹನ ಎಣಿಸುವವರು ಎಲ್ಲ ಊರಿನಲ್ಲಿಯೂ ಇದ್ದಾರೆ. ಮನುಷ್ಯರನ್ನು ಎಣಿಸಿದ್ದು ಇಲ್ಲಿಯ ವಿಶೇಷ. 1971ರಲ್ಲಿ ಬಂದ ಅವರ ಪುಸ್ತಕ ಹಲವು ಭಾಷೆಗಳಿಗೆ ಹೋಯಿತು. ಮೆಲ್ಬರ್ನ್, ನ್ಯೂಯಾರ್ಕ್‌ಗಳಂಥ ನಗರಗಳು ಅವರನ್ನು ಸಲಹೆಗೆ ಕರೆದವು.

ಸೈಕಲ್ಲಿನ ಕಥೆಯೂ ಇಂಥದೇ. 1973ರ ತೈಲ ಮುಗ್ಗಟ್ಟಿನಲ್ಲಿ ದೇಶವು ಭಾನುವಾರಗಳಂದು ಕಾರು ಓಡಿಸುವುದನ್ನೇ ನಿಷೇಧಿಸಬೇಕಾಯಿತು. ಅದೇ ದಶಕದಲ್ಲಿ ಸೈಕಲ್ ಸವಾರರು ಸಾವಿರ ಸಾವಿರವಾಗಿ ಬೀದಿಗಿಳಿದು, ತಮಗೂ ಕ್ಷೇಮವಾದ ದಾರಿ ಬೇಕೆಂದು ಮೆರವಣಿಗೆ ನಡೆಸಿದರು. ಫುಟ್‌ಪಾತಿಗೂ ರಸ್ತೆಗೂ ನಡುವೆ ಅಂಚುಗಲ್ಲಿಟ್ಟು ಎತ್ತರಿಸಿದ ಸೈಕಲ್ ದಾರಿಗಳು ಕ್ರಮೇಣ ಊರನ್ನೆಲ್ಲ ಹೆಣೆದವು. 2016ರಲ್ಲಿ ನಗರದ ನಡುಭಾಗಕ್ಕೆ ಬರುವ ಸೈಕಲ್ಲುಗಳ ಸಂಖ್ಯೆ ಕಾರುಗಳ ಸಂಖ್ಯೆಯನ್ನು ಮೀರಿತು. ನಗರಸಭೆ 1990ರ ದಶಕದಿಂದ 'ಸೈಕಲ್ ಲೆಕ್ಕಪತ್ರ'ವೊಂದನ್ನು ಪ್ರಕಟಿಸುತ್ತ ಬಂದಿದೆ. ಏಕೆ ಸೈಕಲ್ ತುಳಿಯುತ್ತೀರೆಂದು ಅದರಲ್ಲಿ ಕೇಳಿದಾಗ ಬಹುಮಂದಿ ಪರಿಸರದ ಹೆಸರನ್ನು ಹೇಳುವುದಿಲ್ಲ. ಬೇಗ ತಲುಪುತ್ತೇವೆ, ಸುಲಭವಾಗಿದೆ ಎನ್ನುತ್ತಾರೆ. ಆರೋಗ್ಯವೆಂಬುದು ಅಲ್ಲಿ ಉಪದೇಶದಿಂದ ಬಂದದ್ದಲ್ಲ. ಆರೋಗ್ಯಕರವಾದದ್ದೇ ಅನುಕೂಲಕರವೂ ಆಗುವಂತೆ ದಾರಿಯನ್ನು ಕಟ್ಟಿದ್ದರಿಂದ ಬಂದದ್ದು. ನಮ್ಮ ವೈದ್ಯ ಮಿತ್ರರಿಗೆ ನಾನು ನಿವೇದಿಸಬಯಸುವ ಮುಖ್ಯ ಮಾತು ಇದೇ.

ಈ ಎಲ್ಲ ಕಾಲದಲ್ಲಿ ಊರು ಸಿರಿವಂತವಾಗಿತ್ತೆಂದು ತಿಳಿಯಬೇಡಿ. 1980ರ ದಶಕದ ಕೊನೆಗೆ ಕಾರ್ಖಾನೆಗಳು ಮುಚ್ಚಿ, ಸಂಸಾರಸ್ಥರು ಉಪನಗರಗಳಿಗೆ ಹೋಗಿ, ನಗರಸಭೆ ದಿವಾಳಿಯ ಅಂಚಿನಲ್ಲಿತ್ತು. ಆಗ ಹೂಡಿದ ಉಪಾಯ ಬ್ಯಾಂಕಿನವರು ಅಭ್ಯಾಸ ಮಾಡತಕ್ಕದ್ದು. ಸರಕಾರ, ನಗರಸಭೆ ಕೂಡಿ ಸಾರ್ವಜನಿಕ ಒಡೆತನದ ಸಂಸ್ಥೆಯೊಂದನ್ನು ಕಟ್ಟಿ, ಬೀಳುಬಿದ್ದ ನೆಲವನ್ನು ಅದರ ಕೈಗಿತ್ತರು. ಮೆಟ್ರೋ ಬರುವುದೆಂಬ ಭರವಸೆಯಿಂದ ನೆಲದ ಬೆಲೆ ಏರಿತು; ಆ ಏರಿಕೆಯಿಂದಲೇ ಮೆಟ್ರೋದ ಸಾಲವನ್ನು ತೀರಿಸುವ ಏರ್ಪಾಡಾಯಿತು. 2002ರಲ್ಲಿ ಮೆಟ್ರೋ ಓಡಿತು. ಕೊಳಚೆ ನೀರನ್ನು ತಡೆಹಿಡಿಯುವ ಕೆಲಸಕ್ಕೆ ಹಣ ಸುರಿದದ್ದರಿಂದ, ಅದೇ ವರ್ಷ, ಗಲೀಜಾಗಿದ್ದ ಬಂದರಿನ ನೀರಿನಲ್ಲಿ ಜನ ಈಜುವಂತೆಯೂ ಆಯಿತು.

ದೂರದ ಬೆಟ್ಟ

ಇಷ್ಟು ಹೊಗಳಿದ ಮೇಲೆ ಇನ್ನೊಂದು ಪುಟವನ್ನೂ ತೆರೆಯಬೇಕು. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಕೋಪನ್‌ಹೇಗನ್ನಿಗೂ ಸಲ್ಲುತ್ತದೆ. ಬಂದರಿನ ಹಳೆಯ ಗೋದಾಮುಗಳನ್ನು ತುಂಬಿದ ಸಕ್ಕರೆ ವೆಸ್ಟ್ ಇಂಡೀಸಿನ ಡೇನ್ ದ್ವೀಪಗಳಲ್ಲಿ ಗುಲಾಮರ ಬೆವರಿನಿಂದ ಬೆಳೆದದ್ದು. ಅದನ್ನು ನೆನಪಿಸುವ ಕರಿಯ ಹೆಂಗಸಿನ ದೊಡ್ಡ ಪ್ರತಿಮೆಯೊಂದು ಅಲ್ಲಿ ನಿಂತದ್ದು 2018ರಲ್ಲಿ, ಬಹಳ ತಡವಾಗಿ. 2025ರೊಳಗೆ ಇಂಗಾಲದ ಹೊರೆಯಿಲ್ಲದ ಮೊದಲ ರಾಜಧಾನಿಯಾಗುತ್ತೇವೆಂದು ಸಾರಿದ್ದ ನಗರ, ಗುರಿ ಮುಟ್ಟಲಾಗದೆಂದು 2022ರಲ್ಲಿ ಒಪ್ಪಿಕೊಂಡಿತು. ನೆಲದ ಬೆಲೆಯಿಂದ ಮೆಟ್ರೋ ಬಂತು, ನಿಜ. ಅದೇ ಬೆಲೆಯಿಂದಾಗಿ ದಾದಿಗೂ ಶಾಲಾ ಉಪಾಧ್ಯಾಯನಿಗೂ ನಗರದೊಳಗೆ ಮನೆ ಹಿಡಿಯುವುದು ಕಷ್ಟವಾಗಿದೆ.

ಪರಸ್ಥಳದಲ್ಲಿ ಬಾಳುವ ನಮಗೆ ಎಲ್ಲಕ್ಕಿಂತ ನೋವಿನ ಸಂಗತಿ ಇನ್ನೊಂದು. ಪಾಶ್ಚಾತ್ಯೇತರ ಮೂಲದವರು ಹೆಚ್ಚಾಗಿರುವ ಕೆಲವು ಬಡಾವಣೆಗಳನ್ನು ಗುರುತಿಸಿ, ಅಲ್ಲಿಯ ಸಾರ್ವಜನಿಕ ವಸತಿಯನ್ನು ಕಡಿಮೆ ಮಾಡಬೇಕೆಂದು ಡೆನ್ಮಾರ್ಕ್ 2018ರಲ್ಲಿ ಶಾಸನ ಮಾಡಿತು. ಕೋಪನ್‌ಹೇಗನ್ನಿನ ಮ್ಯೋಲ್ನರ್‌ಪಾರ್ಕೆನ್ ಎಂಬ ಬಡಾವಣೆಯ ಎಷ್ಟೋ ಸಂಸಾರಗಳು ಮನೆ ಬಿಡಬೇಕಾಗಿ ಬಂದು, ವ್ಯಾಜ್ಯ ಐರೋಪ್ಯ ನ್ಯಾಯಾಲಯದವರೆಗೂ ಹೋಯಿತು. ಎಲ್ಲರೂ ನಡೆಯಬಲ್ಲ ಬೀದಿಯನ್ನು ಕಟ್ಟಿದ ಊರು ಎಲ್ಲರೂ ಬಾಳಬಲ್ಲ ಮನೆಯ ವಿಷಯದಲ್ಲಿ ಎಡವಿದೆಯೆಂದೇ ನನ್ನ ಅಭಿಪ್ರಾಯ. ವಾಸಯೋಗ್ಯ ನಗರಗಳ ಪಟ್ಟಿ ಮಾಡುವವರು ಯಾರ ವಾಸಕ್ಕೆ ಯೋಗ್ಯವೆಂಬುದನ್ನೂ ಕೇಳಬೇಕು.

ನಮ್ಮ ಊರು ಯಾವುದು?

ಹಾಗಾದರೆ ನಮಗೇನು ಪ್ರಯೋಜನ? ಅವರನ್ನು ಅನುಕರಿಸಿ ಮುಂಬಯಿಯನ್ನು ಕೋಪನ್‌ಹೇಗನ್ ಮಾಡೋಣವೆಂದು ನಾನು ಹೇಳುತ್ತಿಲ್ಲ. 2011ರ ಜುಲೈ 2ರಂದು ಅಲ್ಲಿ ಕೆಲವೆಡೆ ಎರಡು ಗಂಟೆಗಳಲ್ಲಿ ನೂರು ಮಿಲಿಮೀಟರಿಗೂ ಮಿಗಿಲಾದ ಮಳೆ ಬಿದ್ದದ್ದಕ್ಕೆ ಊರೇ ಕಂಗೆಟ್ಟು, ಮರುವರ್ಷವೇ ಉದ್ಯಾನಗಳನ್ನೂ ಬೀದಿಗಳನ್ನೂ ಮಳೆನೀರು ಹಿಡಿಯುವಂತೆ ಮಾರ್ಪಡಿಸುವ ಯೋಜನೆ ಮಾಡಿತು. ನಮ್ಮಲ್ಲಿ 2005ರ ಜುಲೈ 26ರಂದು ಒಂದೇ ದಿನ ಸಾಂತಾಕ್ರೂಜಿನಲ್ಲಿ ಬಿದ್ದದ್ದು 944 ಮಿಲಿಮೀಟರ್. ಅಳತೆಗಳೇ ಬೇರೆ. ಆದರೆ ಪೆಟ್ಟಿನಿಂದ ಪಾಠ ಕಲಿಯುವ ಸಂಪ್ರದಾಯ ನಮಗೆ ಹೊಸದೇನಲ್ಲ. 1896ರ ಪ್ಲೇಗಿನಿಂದ ತತ್ತರಿಸಿದ ಮುಂಬಯಿಯಲ್ಲಿ 1898ರಲ್ಲಿ ನಗರ ಸುಧಾರಣಾ ಟ್ರಸ್ಟ್ ಹುಟ್ಟಿತು. ಅದು ರೂಪಿಸಿದ ದಾದರ್–ಮಾಟುಂಗಾ ಬಡಾವಣೆಯ ಅಗಲವಾದ ಬೀದಿಗಳಲ್ಲಿ, ಮರಗಳ ನೆರಳಿನಲ್ಲಿ, ನಮ್ಮ ಹಿರಿಯರು ಸಂಜೆ ಅಡ್ಡಾಡಿದರು. ದಕ್ಷಿಣದಿಂದ ಬಂದವರು ಬೇರೂರಿದ್ದು ಅಲ್ಲಿಯೇ. ಕಾಲರಾದಿಂದ ಅವರಿಗೊಂದು ಬ್ರೂಮ್ಲೆಬ್ಯು ಬಂದಂತೆ ಪ್ಲೇಗಿನಿಂದ ನಮಗೊಂದು ಮಾಟುಂಗಾ ಬಂತು. ಆ ಠೇವಣಿಯ ಬಡ್ಡಿಯನ್ನು ನಾವು ಇಂದಿಗೂ ಉಣ್ಣುತ್ತಿದ್ದೇವೆ. ಅದಕ್ಕೆ ನಾವು ಜಮೆ ಮಾಡಿದ್ದೇನು?

ಈ ಊರಿಗೆ ಬಂದು ಇಪ್ಪತ್ತೈದು, ಮೂವತ್ತು ವರ್ಷಗಳಾದ ನಮ್ಮವರನ್ನು "ನಿಮ್ಮ ಊರು ಯಾವುದು?" ಎಂದು ಕೇಳಿನೋಡಿ. ಕಾರ್ಕಳ, ಧಾರವಾಡ, ಹಾಸನ ಎಂಬ ಉತ್ತರ ಬರುತ್ತದೆ. ಕೇಳಲು ಹಿತವೇ, ನನ್ನ ಉತ್ತರವೂ ಅಂಥದೇ. ಊರಿನ ದೇವಸ್ಥಾನದ ಜೀರ್ಣೋದ್ಧಾರಕ್ಕೆ ನಾವು ಚಂದಾ ಕಳಿಸುತ್ತೇವೆ, ಕಳಿಸಬೇಕು. ಆದರೆ ನಮ್ಮ ಮಕ್ಕಳು ಹುಟ್ಟಿ ಬೆಳೆದ, ನಮ್ಮ ಮೊಣಕಾಲುಗಳು ಸವೆಯುತ್ತಿರುವ ಈ ಊರನ್ನು ಮಾತ್ರ ಛತ್ರವೆಂದು ಬಗೆದಿದ್ದೇವೆ. ಛತ್ರದ ಅಂಗಳವನ್ನು ಗುಡಿಸುವವರಾರು? ನಾವು ಹೊರಗಿನವರು, ನಮಗೇಕೆ ಎಂಬ ಸಂಕೋಚ. ನಿವೃತ್ತರಾದ ಮೇಲೆ ಊರಿಗೆ ಹೋಗುತ್ತೇವಲ್ಲ ಎಂಬ ಸಮಾಧಾನ. ಹೋಗುವವರು ಎಷ್ಟು ಮಂದಿ ಎಂಬುದು ನಮಗೆಲ್ಲ ಗೊತ್ತು.

ನನ್ನ ಸಲಹೆ ಸಣ್ಣದು. ನಮ್ಮ ಸಂಘ ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆಯ ಶಿಬಿರ ನಡೆಸುತ್ತದೆ. ಅದರ ಜೊತೆಗೆ ವರ್ಷಕ್ಕೊಂದು ಫುಟ್‌ಪಾತನ್ನೂ ತಪಾಸಣೆ ಮಾಡೋಣ. ಸಂಘದ ಕಟ್ಟಡದಿಂದ ರೈಲು ನಿಲ್ದಾಣದವರೆಗಿನ ದಾರಿಯನ್ನು ಅಳೆದು, ಎಲ್ಲೆಲ್ಲಿ ಮುರಿದಿದೆ, ಎಲ್ಲೆಲ್ಲಿ ವೃದ್ಧರು ಕೆಳಗಿಳಿದು ವಾಹನಗಳ ನಡುವೆ ನಡೆಯಬೇಕಾಗಿದೆ ಎಂದು ಬರೆದು, ನೆರೆಯ ಮರಾಠಿ, ಗುಜರಾತಿ, ತಮಿಳು ಬಾಂಧವರ ಸಹಿಯನ್ನೂ ಸೇರಿಸಿ ವಾರ್ಡಿನ ಕಛೇರಿಗೆ ಒಯ್ಯೋಣ; ಸರಿಯಾಗುವವರೆಗೆ ಮತ್ತೆ ಮತ್ತೆ ಒಯ್ಯೋಣ. ಹನಿ ಹನಿ ಗೂಡಿದರೆ ಹಳ್ಳ. ಆ ಒಂದು ಬೀದಿ ಸ್ತ್ರೋಯೆಟ್ ಆಗದಿದ್ದರೂ ಮುಕ್ಕಾಲು ಗಂಟೆ ನಡೆಯುವ ದಾರಿಯಾದರೆ ಸಾಕು.

ಬೋರ್ಸನ್ನಿನ ಶಿಖರದ ಗತಿಯನ್ನು ಹೇಳುತ್ತೇನೆಂದಿದ್ದೆ. 2024ರ ಏಪ್ರಿಲ್ 16ರ ಬೆಳಿಗ್ಗೆ, ದುರಸ್ತಿ ನಡೆಯುತ್ತಿದ್ದ ಆ ನಾನೂರು ವರ್ಷದ ಕಟ್ಟಡಕ್ಕೆ ಬೆಂಕಿ ಬಿತ್ತು. ನಾನು ಕಣ್ತುಂಬ ನೋಡಿದ್ದ ಡ್ರ್ಯಾಗನ್ ಶಿಖರ ಉರಿದು ಕುಸಿಯಿತು. ಕಛೇರಿಯಲ್ಲಿ ಕೂತು ದೂರದರ್ಶನದಲ್ಲಿ ಅದನ್ನು ಕಂಡೆ. ಮನಸ್ಸಿನಲ್ಲಿ ಉಳಿದದ್ದು ಶಿಖರ ಬಿದ್ದ ದೃಶ್ಯವಲ್ಲ. ಅಗ್ನಿಶಾಮಕ ದಳದವರ ಜೊತೆಗೆ ಅಲ್ಲಿಯ ನೌಕರರು, ಸೈನಿಕರು, ಮಂತ್ರಿಯೊಬ್ಬರು, ಬೀದಿಯಲ್ಲಿ ಹೋಗುತ್ತಿದ್ದ ಸಾಮಾನ್ಯರು ದೊಡ್ಡ ದೊಡ್ಡ ಹಳೆಯ ವರ್ಣಚಿತ್ರಗಳನ್ನು ಹೆಗಲ ಮೇಲೆ ಹೊತ್ತು ಹೊರಗೆ ತರುತ್ತಿದ್ದರು. ಕಟ್ಟಡವನ್ನು ಮತ್ತೆ ಕಟ್ಟುವ ಕೆಲಸಕ್ಕೆ ಅವರು ತೊಡಗಿದ್ದಾರೆ. ಆ ದಾರಿಹೋಕರಿಗೆ ಯಾರೂ ಅಪ್ಪಣೆ ಕೊಟ್ಟಿರಲಿಲ್ಲ. ಊರು ತಮ್ಮದೆಂದು ಅವರಿಗೆ ಗೊತ್ತಿತ್ತು, ಅಷ್ಟೆ.